ಕೆಂಪಿಯ ಅರ್ಧ ಉಳಿದ ಗುಳಿಗೆ

ನನ್ನ ಮದುವೆ ಆಯಿತು, ಗಂಡನ ಜೊತೆ ಒಂದು ನಾಯಿಯೂ ಸಿಕ್ಕಿತು! ಅದರ ಹೊಟ್ಟೆಯ ಮೇಲಿನ ಕೀವುಗುಳ್ಳೆಗಳಿಗೆ ಡಾಕ್ಟರ್ ಮೂರು ವಾರ ಆಂಟಿಬಯಾಟಿಕ್ ಬರೆದಿದ್ದಾರೆ. ಗುಳಿಗೆಯ ಕೊಳೆತ ಮೊಟ್ಟೆಯಂಥ ವಾಸನೆ ನನ್ನನ್ನು ತವರೂರು ಸಾಲೋಟಗಿಯ ನೆನಪಿಗೆ ಎಳೆದೊಯ್ದಿತು.

ಅಲ್ಲಿ ನಮ್ಮ ನಾಯಿ ಕೆಂಪಿಗೂ ಇದೇ ರೋಗ ಬಂದಿತ್ತು. ಅಜ್ಜಿ ರೊಟ್ಟಿಚೂರಿಗೆ ಬೆಣ್ಣೆ ಸವರಿ, ಗುಳಿಗೆ ಅಡಗಿಸಿ ತಿನ್ನಿಸುತ್ತಿದ್ದಳು. ಅವಳು ಊರಲ್ಲಿಲ್ಲದಾಗ, ಗುಳ್ಳೆ ಒಣಗಿತೆಂದು ನಾನು ಗುಳಿಗೆ ನಿಲ್ಲಿಸಿಬಿಟ್ಟೆ. ರೋಗ ಮರಳಿತು, ಕೆಂಪಿ ರಕ್ತ ಬರುವಂತೆ ಕೆರೆದುಕೊಂಡಳು.

“ಮ್ಯಾಲ ಒಣಗಿದ್ರ ಒಳಗ ವಾಸಿ ಆತೇನ, ಶಾಣ್ಯಾಕಿ?” ಎಂದಳು ತಿರುಗಿ ಬಂದ ಅಜ್ಜಿ.

ಇಂದು ಗಂಡನೂ, “ಗುಳ್ಳಿ ಒಣಗ್ಯಾವಲ್ಲ, ಸಾಕ್ ಬಿಡು. ನಾಳೇನ ತವರಿಗೆ ಹೋಗು,” ಎಂದ. ದಿನಕ್ಕೆರಡು ಸಲ ಗುಳಿಗೆ ಹಿಡಿದು ನಾಯಿಯ ಹಿಂದೆ ಓಡಿ ಸುಸ್ತಾಗಿದ್ದೇನೆ, ಮನೆಯ ನೆನಪೂ ಕಾಡುತ್ತಿದೆ. ಆದರೆ ಅಜ್ಜಿ, ನಿನ್ನ ಮಾತು ಮರೆತಿಲ್ಲ; ಕೊನೆಯ ಗುಳಿಗೆ ಇರುವುದು ಗುರುವಾರ. ಶುಕ್ರವಾರ ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಬರುತ್ತೇನೆ.