ಹುಳುಮನೆಗೆ ಹೊಗೆ ಆಗದು

ಉಪಗ್ರಹ ಮೇಲಿನಿಂದ ತೆಗೆದ ಚಿತ್ರವನ್ನು ನನ್ನ ಮಗಳು ಫೋನಿನಲ್ಲಿ ತೋರಿಸಿದ್ದು ಕಳೆದ ಚಳಿಗಾಲದಲ್ಲಿ. ಉತ್ತರದ ಕಡೆ ದಟ್ಟವಾಗಿ, ನಮ್ಮ ಕಡೆ ತೆಳ್ಳಗೆ, ದೇಶದ ಮೇಲೆಲ್ಲ ಬೂದು ಪೊರೆ. ಅಮ್ಮ ಸೌದೆ ಒಲೆಯ ಮುಂದೆ ಕೂತು, ಕೆಮ್ಮುತ್ತಲೇ ಕಣ್ಣು ಕಿರಿದು ಮಾಡಿ ನೋಡಿದಳು.

"ಇದರಾಗೆ ನಮ್ಮ ದಿಬ್ಬೂರಹಳ್ಳಿ ಎಲ್ಲೈತಮ್ಮಾ?"

"ಇದರ ಕೆಳಗೈತೆ, ಅಜ್ಜಿ. ಇದು ಬರೀ ಮಂಜಲ್ಲ. ಹೊಗೆ, ಧೂಳು."

"ಹಂಗಾದ್ರೆ ಹುಳುಮನೆ ಕಿಟಕಿಗೆ ಪರದೆ ಇಳಿಸಿದ್ದೀರೇನ್ರೇ? ನೋಡ್ಹೋಗ್ರೇ."

ಅವಳ ಲೆಕ್ಕವೇ ಹಾಗೆ. ರೇಷ್ಮೆ ಹುಳುವಿಗೆ ಹೊಗೆ ಸೋಕಬಾರದು. ನಮ್ಮ ಹುಳುಮನೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿ ಇಲ್ಲ, ಬೀಡಿ ಸೇದಿ ಬಂದವರು ಬಾಗಿಲಿಂದಲೇ ವಾಪಸ್. ಅಪ್ಪನನ್ನೂ ಬಿಟ್ಟವಳಲ್ಲ. ಹುಳು ಮೇಯ್ದು ಉಳಿಸಿದ ಹಿಪ್ಪುನೇರಳೆ ಕಡ್ಡಿಯನ್ನು ಮಾತ್ರ ತಾನು ಒಲೆಗೆ ತುರುಕಿ, ಅದರ ಹೊಗೆ ಕುಡಿಯುತ್ತಾ ಕೂತಿರುತ್ತಿದ್ದಳು. ಮನೆಯಲ್ಲಿ ಗ್ಯಾಸ್ ಇತ್ತು. ಕಡ್ಡಿ ಸುಮ್ಮನೆ ಹಾಳಾಗುತ್ತಲ್ಲ, ಎನ್ನುತ್ತಿದ್ದಳು. ಹಠಮಾರಿ ಹೆಂಗಸು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶಿಡ್ಲಘಟ್ಟದ ಡಾಕ್ಟರು ಎದೆ ನೋಡಿ, ಹೊಗೆಯಿಂದ ದೂರ ಇರಿ ಎಂದರು. ಹುಳುಮನೆಯಲ್ಲೇ ಮಂಚ ಹಾಕುತ್ತೇನೆ, ಊರಿಗೆಲ್ಲ ಒಳ್ಳೆ ಗಾಳಿ ಇರುವುದು ಅಲ್ಲೇ, ಎಂದು ನಾನು ಹೇಳಿದೆ.

"ನನ್ನ ಕೆಮ್ಮು ಹುಳಕ್ಕೆ ತಗುಲಿದ್ರೆ? ಬುದ್ಧಿ ಐತೇನೇ ನಿಂಗೆ?"

ನಾನು ಮತ್ತೆ ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಉಸಿರು ಎಳೆಯಲಾಗದೆ ಹೋಗಿಬಿಟ್ಟಳು. ಹುಳುಗಳು ದೊಡ್ಡವಾಗಿ ಹಗಲೂ ರಾತ್ರಿ ಮೇಯುವ ಸಮಯ. ಅಳು ಬರಲಿಲ್ಲ, ಈಗಲೂ ಬಂದಿಲ್ಲ. ಎದ್ದು ಹೋಗಿ ಸೊಪ್ಪು ಹಾಕಿ, ಕೈ ತೊಳೆದು ಬಂದು ಅವಳ ಪಕ್ಕ ಕೂತೆ. ಹೊರಗೆ ಬಿಸಿಲೇರಿದರೂ ಅಂಬಾಜಿದುರ್ಗದ ಬೆಟ್ಟ ಕಾಣುತ್ತಿರಲಿಲ್ಲ.

ಅಮ್ಮನನ್ನು ಮಲಗಿಸಿದ್ದು ಜಗುಲಿಯ ಮೇಲೆ, ಹುಳುಮನೆಯ ಕಿಟಕಿಯ ಕೆಳಗೆ. ದೊಡ್ಡಮ್ಮ ಒಂದು ಕಟ್ಟು ಊದುಬತ್ತಿ ತಂದು ತಲೆಯ ಬಳಿ ಹಚ್ಚಲು ಹೋದರು.

"ಇಲ್ಲಿ ಬೇಡ ದೊಡ್ಡಮ್ಮ, ಹುಳಕ್ಕೆ ಹೊಗೆ ಹೋಗುತ್ತೆ," ಎಂದೆ.

ನೆರೆದವರೆಲ್ಲ ನನ್ನ ಮುಖ ನೋಡಿದರು. ದೊಡ್ಡಮ್ಮ ಬತ್ತಿಗಳನ್ನು ಬೀದಿಯಾಚೆಯ ಹುಣಸೆ ಮರದ ಬುಡಕ್ಕೆ ಒಯ್ದು, ಅಲ್ಲಿ ಮಣ್ಣಿಗೆ ನೆಟ್ಟು ಹಚ್ಚಿ ಬಂದರು. ಅಮ್ಮನ ಹತ್ತಿರ ಹೊಗೆ ಸುಳಿಯದಂತೆ ನಾವು ನೋಡಿಕೊಂಡದ್ದು ಅದೊಂದೇ ದಿನ. ಅದೂ ಹುಳುಗಳಿಗೋಸ್ಕರ.