ಬೆಳಗಿನ ಮೊದಲ ಸದ್ದು

ಟ್ರ್ಯಾಕ್ಟರ್ ಮೇಸ್ತ್ರಿಯ ಬಳಿ ಜನ ಬರುತ್ತಿದ್ದುದು ಏನಾದರೂ ಕೆಟ್ಟಾಗ ಮಾತ್ರ. ಪಕ್ಕದೂರಿನಲ್ಲಿದ್ದ ಅವನ ಅಕ್ಕನೂ ಅದಕ್ಕೆ ಹೊರತಲ್ಲ. ಷೆಡ್ಡಿನ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಹೆಂಡತಿ ತೀರಿಕೊಂಡ ಮೇಲೆ ರೇಡಿಯೋಗೇ ಉತ್ತರ ಕೊಡುವುದು ರೂಢಿಯಾಗಿತ್ತು.

ಆ ಸಂಜೆ ಅಕ್ಕ ಟ್ರ್ಯಾಕ್ಟರಿನಿಂದ ಇಳಿಯುವ ಮೊದಲೇ ಹೇಳಿದಳು: "ಇದನ್ನ ಮಾರಿಬಿಡ್ತೀನಿ ಕಣೋ. ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು. ಇಂಜಿನ್ನೇ ಬಿಚ್ಚಬೇಕು ಅಂದ ನಮ್ಮೂರ ಮೆಕ್ಯಾನಿಕ್ಕು. ಕೊಳ್ಳೋನು ಬರೋದ್ರೊಳಗೆ ನೀನೂ ಒಂದ್ಸಲ ನೋಡು."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ, ಅಕ್ಕಾ?"

ಟ್ರ್ಯಾಕ್ಟರ್ ಹೋದರೆ ಅಕ್ಕನೂ ಇತ್ತ ತಲೆ ಹಾಕುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿಸಿದ. ಸದ್ದೇ ಇಲ್ಲ, ವೈದ್ಯರ ಬಾಗಿಲಲ್ಲಿ ಮಾಯವಾಗುವ ಹಲ್ಲುನೋವಿನಂತೆ. ಎಲ್ಲರೂ ಮಾಡುವ ತಪ್ಪೇ ಅದು: ಬೆಳಗಿನ ರೋಗ ತೋರಿಸಲು ದಾರಿಯುದ್ದಕ್ಕೂ ಇಂಜಿನ್ ಓಡಿಸಿಕೊಂಡು ಬರುವುದು.

"ರಾತ್ರಿ ಇಲ್ಲೇ ನಿಲ್ಲಲಿ. ಮೊದಲ ಸದ್ದು ನಾನೇ ಕೇಳ್ಬೇಕು."

ಊಟಕ್ಕೆ ಎರಡನೆಯ ತಟ್ಟೆ ಹುಡುಕಿದರೆ ಅದರ ತುಂಬ ನಟ್ಟು, ಬೋಲ್ಟು. ಅಕ್ಕ ಬೈಯುತ್ತಲೇ ತೊಳೆದಳು. ಬೈಗುಳ ಕೇಳಿ ಅವನಿಗೆ ಹಾಯೆನಿಸಿತು.

ಬೆಳಗ್ಗೆ ಕೀಲಿ ತಿರುಗಿಸಿದ್ದೇ ತಡ, ಕಟಕಟ ಸದ್ದು. ಆಯಿಲಿನ ಕೆಂಪು ದೀಪ ಆರಲು ತಡವಾಯಿತು. ಅದು ಆರಿದ ಮೇಲೆ ಸದ್ದೂ ಅಡಗಿತು. ಅವನು ಇಂಜಿನ್ ನಿಲ್ಲಿಸಿ, ಅಡ್ಡಲಾಗಿ ಕೂರಿಸಿದ್ದ ಆಯಿಲ್ ಫಿಲ್ಟರ್ ಬಿಚ್ಚಿ, ಅದರ ಬಾಯಿಯ ಸಣ್ಣ ತೂತುಗಳೊಳಗೆ ಕಡ್ಡಿಯಿಂದ ಒತ್ತಿದ. ಒಳಗಿನ ರಬ್ಬರ್ ಬಿಲ್ಲೆ ಒಣಗಿದ ತೊಗಲಿನಂತೆ ಬಿರುಸಾಗಿತ್ತು.

"ಪಂಪು ದಬ್ಬಿದಾಗ ಈ ರಬ್ಬರ್ ಬಾಗಿ ಆಯಿಲಿಗೆ ದಾರಿ ಬಿಡುತ್ತೆ. ಇಂಜಿನ್ ನಿಂತ ಮೇಲೆ ತೂತಿಗೆ ಒತ್ಕೊಂಡು, ಆಯಿಲ್ ವಾಪಸ್ ಹೋಗದ ಹಾಗೆ ತಡೆಯುತ್ತೆ. ಇದು ಗಟ್ಟಿಯಾಗಿ ಸಂದು ಬಿಟ್ಟಿದೆ. ರಾತ್ರಿಯೆಲ್ಲ ಆಯಿಲ್ ಕೆಳಗಿನ ತೊಟ್ಟಿಗೆ ಇಳಿದುಹೋಗುತ್ತೆ. ಬೆಳಗ್ಗೆ ಫಿಲ್ಟರ್ ಮತ್ತೆ ತುಂಬೋವರೆಗೆ ಇಂಜಿನ್ ಒಣಗಂಟಲಲ್ಲಿ ಕಿರುಚುತ್ತೆ."

ಹೊಸ ಫಿಲ್ಟರ್ ಹಾಕಿ, ಕಡಿಮೆಯಾದ ಆಯಿಲ್ ತುಂಬಿ ಚಾಲೂ ಮಾಡಿದ. ಮತ್ತೆ ಅದೇ ಕಟಕಟ.

"ಇದೇನೋ ಇದು!"

"ಹೊಸ ಫಿಲ್ಟರೂ ಖಾಲಿನೇ ಅಲ್ವಾ, ಮೊದಲ ಸಲ ತುಂಬ್ಕೋಬೇಕು. ಒಂದು ರಾತ್ರಿ ನಿಂತ ಮೇಲೇ ಗೊತ್ತಾಗೋದು."

ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ಅಂದ್ರೆ ಇವತ್ತೂ ಇಲ್ಲೇ ಇರ್ಬೇಕಾ?"

ಹೂಂ ಎಂದಿದ್ದರೆ ಇದ್ದುಬಿಡುತ್ತಿದ್ದಳು. ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

"ನಿಮ್ಮನೇಲಿ ನಿಂತ್ರೂ ಆಗುತ್ತೆ."

ಅಕ್ಕ ಹೊರಟಳು. ಮರುದಿನ ಬೆಳಗ್ಗೆಯೇ ಅವಳ ಫೋನು: "ಕೇಳ್ಕೋ." ಇಂಜಿನ್ ಹತ್ತಿತು, ಕಟಕಟವಿಲ್ಲದೆ. "ದೀಪ ಪಟ್ ಅಂತ ಆರ್ತು ಕಣೋ! ಕೊಳ್ಳೋನಿಗೆ ಬರ್ಬೇಡ ಅಂತೀನಿ."

"ಒಳ್ಳೇದಾಯ್ತು. ಮತ್ತೆ ಯಾವಾಗ ಬರ್ತೀಯ?"

"ಸರಿ ಮಾಡಿದ್ದೀಯಲ್ಲ, ಇನ್ನೇನು ಕೆಲಸ ಅಲ್ಲಿ?"

"ಆಯಿಲ್ ಬದಲಾಯಿಸೋಕಾದ್ರೂ..."

"ಅದಕ್ಕೆ ಇನ್ನೂ ತುಂಬಾ ದಿನ ಇದೆ ಅಲ್ವೇನೋ?"

"ಇದೆ," ಎಂದ ಮೇಸ್ತ್ರಿ.