ಸಿ ಡ್ರೈವಿನಲ್ಲಿ ಸಿಕ್ಕಿಕೊಂಡ ಮುಖ

ಶಿರಾದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿರುವ ಒಂದು ಸ್ಟುಡಿಯೊದಲ್ಲಿ ನಾನು ಎರಡು ವರ್ಷ ಕಾಲ ಹಳೆಯ ಫೋಟೊ ತಿದ್ದುವ ಕೆಲಸ ಮಾಡಿದೆ. ಡಿಗ್ರಿಯ ಮೂರು ವರ್ಷವೂ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು ತಂದವಳು. ಪರವಾಗಿ ಮಾತಾಡು ಅಂದರೆ ಪರ, ವಿರೋಧ ಅಂದರೆ ವಿರೋಧ. ಯಾವ ಕಡೆ ನಿಲ್ಲಿಸಿದರೂ ಎದುರಿನವರ ಬಾಯಿ ಮುಚ್ಚಿಸುವುದು ಗೊತ್ತಿತ್ತು. ಆ ಚಟ ಸ್ಟುಡಿಯೊಗೂ ನನ್ನ ಜೊತೆ ಬಂತು, ಮತ್ತು ಅಲ್ಲಿ ನನ್ನ ಕೈಗೆ ಸಿಕ್ಕ ಎದುರಾಳಿ ಒಬ್ಬರೇ: ಮಾಲೀಕರು. ಅವರನ್ನು ಭಾಯಿ ಎನ್ನುತ್ತಿದ್ದೆ.

ಭಾಯಿಗೆ ಒಂದು ಪದ್ಧತಿ. ಸಂಜೆ ಬಾಗಿಲು ಹಾಕುವ ಮುಂಚೆ ಫೋಟೊ ತಿದ್ದುವ ಸಾಫ್ಟ್‌ವೇರನ್ನು ಮುಚ್ಚಿ, ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಪರದೆ ಪೂರ್ತಿ ಕಪ್ಪಾಗುವ ತನಕ ಅದರ ಎದುರು ಸುಮ್ಮನೆ ನಿಂತಿರುತ್ತಿದ್ದರು. ಆಮೇಲಷ್ಟೇ ಗೋಡೆಯ ಮೇನ್ ಸ್ವಿಚ್. ಆ ಹಳೆಯ ಯಂತ್ರ ಮಲಗಲು ಐದು ನಿಮಿಷ ತೆಗೆದುಕೊಳ್ಳುತ್ತಿತ್ತು. ನನಗೋ ಮಧುಗಿರಿ ಬಸ್ಸಿನ ಅವಸರ.

"ಭಾಯಿ, ಫೈಲು ಸೇವ್ ಆಗಿದೆ. ಈಗ ಮೇನ್ ಆಫ್ ಮಾಡಿದರೆ ಏನು ಹೋಗುತ್ತೆ? ಒಂದು ನಷ್ಟ ತೋರಿಸಿ, ಒಂದೇ ಒಂದು," ಅಂದೆ ಒಂದು ದಿನ.

"ನಂಗೊತ್ತಿಲ್ಲ ಬೇಟಿ. ಕಲಿಸಿದೋರು ಹಿಂಗೇ ಕಲಿಸಿದ್ರು."

"ಕಲಿಸಿದೋರು ಹೇಳಿದ್ರು ಅನ್ನೋದು ಸಾಕ್ಷಿ ಆಗಲ್ಲ ಭಾಯಿ. ಇದು ಮೂಢನಂಬಿಕೆ."

"ಮಾತಲ್ಲಿ ನಿನ್ನ ಗೆಲ್ಲೋಕಾಗಲ್ಲಮ್ಮ. ನಿನ್ನ ಬಸ್ಸು, ನಿನ್ನ ಸ್ವಿಚ್ಚು, ಹೆಂಗಾದ್ರೂ ಮಾಡ್ಕೋ."

ಅಂದಿನಿಂದ ಕೊನೆಗೆ ಎದ್ದು ಹೋಗುವವಳು ನಾನೇ. ಕೆಲಸ ಸೇವ್ ಮಾಡುವುದು, ಸಾಫ್ಟ್‌ವೇರ್ ತೆರೆದೇ ಇದ್ದರೂ ಮೇನ್ ಎಳೆದು ಯುಪಿಎಸ್ಸಿನ ಗುಂಡಿಯನ್ನೂ ಒತ್ತಿ ಆರಿಸುವುದು, ಓಡುವುದು. ಆರೇಳು ತಿಂಗಳು ಏನೂ ಆಗಲಿಲ್ಲ. ನನ್ನ ವಾದಕ್ಕೆ ದಿನಕ್ಕೊಂದು ಪುರಾವೆ ಸಿಕ್ಕಿದಂತೆ ಅನಿಸುತ್ತಿತ್ತು.

ಆಮೇಲೆ ಒಂದು ದಿನ ಮದಲೂರಿನಿಂದ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು, ಕಂಕುಳಲ್ಲಿ ಟವೆಲು ಸುತ್ತಿದ, ಗಾಜಿನ ಕಟ್ಟು ಹಾಕಿಸಿದ ಒಂದು ಫೋಟೊ. ಅದರೊಳಗೆ ಅವರ ಅಕ್ಕ. ಅಕ್ಕ ತೀರಿಕೊಂಡಾಗ ಮಗು ಹದಿನೈದು ದಿನದ್ದು. ಆ ಮಗುವನ್ನು ಸಾಕಿದವರು ಇವರು. ಈಗ ಅವಳ ಮದುವೆ.

"ನಾಳೀಕೆ ಚಪ್ರ ಕಣಮ್ಮ. ಹಿರೇರಿಗೆ ಎಡೆ ಇಕ್ಬೇಕು. ಹುಡ್ಗಿ ಹಟ ಹಿಡ್ಕಂಡು ಕುಂತವ್ಳೆ, ನಮ್ಮವ್ವನ ಮುಖ ಕಾಣ್ಬೇಕು, ಕಾಣ್ದಿದ್ರೆ ಹಸೆಮಣೆ ಮ್ಯಾಲೆ ಕೂರಕಿಲ್ಲ ಅಂತ. ಇದೊಂದೇ ಇರಾದು."

ಅಕ್ಕನ ಮೇಲಿನ ಪ್ರೀತಿಯೇ ಆ ಫೋಟೊವನ್ನು ಕೆಡಿಸಿತ್ತು. ಹಬ್ಬಕ್ಕೊಮ್ಮೆ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕುಂಕುಮವಿಟ್ಟು, ಒರೆಸಿ ಕುಂಕುಮವಿಟ್ಟು, ನೀರು ಅಂಚಿನಿಂದ ಒಳಗಿಳಿದು ಕಾಗದ ಗಾಜಿಗೇ ಅಂಟಿಕೊಂಡಿತ್ತು. ಎಡಗಣ್ಣಿದ್ದ ಜಾಗವನ್ನು ಬೂಷ್ಟು ಪೂರ್ತಿ ತಿಂದಿತ್ತು. ಭಾಯಿ ಮೊಳೆ ಕಿತ್ತು, ಮರದ ಕಟ್ಟು ಬಿಡಿಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಮಲಗಿಸಿದರು. ನಾನು ನೇರವಾಗಿ ಸಾಫ್ಟ್‌ವೇರಿನೊಳಕ್ಕೇ ಸ್ಕ್ಯಾನ್ ಮಾಡಿಕೊಂಡು ಕೂತೆ. ಫೈಲಿಗೆ ಹೆಸರು ಕೊಡಲಿಲ್ಲ. ಮುಗಿಸಿ ಒಟ್ಟಿಗೆ ಸೇವ್ ಮಾಡಿದರಾಯಿತು, ಮೂಲ ಹೇಗೂ ಇದೆಯಲ್ಲ ಅನ್ನುವ ಧೈರ್ಯ.

ಸ್ಕ್ಯಾನ್ ಆದಮೇಲೆ ಕೈಗೆ ಕೊಟ್ಟ ಗಾಜನ್ನು ಹಾಗೇ ಬಿಡಿ ಎಂದು ಆ ಹೆಂಗಸಿಗೆ ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ಬೆಂಚಿನ ಮೇಲೆ ಕೂತು ಬೇಸರವಾಗಿ, ಹೊಸ ಕಟ್ಟು ಹಾಕಿಸಲು ಅಣಿ ಮಾಡೋಣವೆಂದು, ಬಾಟಲಿಯ ಚೀಟಿ ಕೀಳುವ ಹಾಗೆ ಕುಡಿಯುವ ನೀರು ಚಿಮುಕಿಸಿ ಫೋಟೊವನ್ನು ಮೂಲೆಯಿಂದ ಎಳೆದಿದ್ದಾರೆ. ನನಗೆ ಕೇಳಿದ್ದು "ಅಯ್ಯೋ ಶಿವ್ನೇ" ಎಂಬ ಒಂದೇ ಸಣ್ಣ ದನಿ. ತಿರುಗಿ ನೋಡಿದರೆ ಕೈಯಲ್ಲಿ ಬಿಳಿ ಕಾಗದ. ಮುಖವೆಲ್ಲ ಚೂರು ಚೂರಾಗಿ ಗಾಜಿನ ಮೇಲೆ, ಮುಟ್ಟಿದರೆ ಸುಣ್ಣದ ಪುಡಿಯಂತೆ ಉದುರುತ್ತಿತ್ತು.

"ನಿನ್ ತಾವ ಐತಲ್ಲಮ್ಮ? ಅದ್ರಾಗ್ ಐತಲ್ಲ?" ಎಂದು ನನ್ನ ಪರದೆಯ ಕಡೆ ಬೆರಳು ತೋರಿಸಿದರು.

"ಇದೆ," ಅಂದೆ.

ಇತ್ತು. ಮೂರು ಗಂಟೆಯ ಕೆಲಸ ಮುಗಿದಿತ್ತು. ಬಲಗಣ್ಣನ್ನು ನಕಲು ಮಾಡಿ, ಮಗುಚಿ, ಎಡಕ್ಕೆ ಕೂರಿಸಿ, ಕೆನ್ನೆಯ ಕಲೆ ಅಳಿಸಿ, ಎಲ್ಲವನ್ನೂ ಮೂಲ ಚಿತ್ರದ ಮೇಲೆ ಪದರ ಪದರವಾಗಿ ಹೊದಿಸಿದ್ದೆ. ಸೇವ್ ಒತ್ತಿದೆ. ಡಿಸ್ಕ್ ತುಂಬಿದೆ, ಉಳಿಸಲಾಗದು ಎಂದು ಬಂತು. ಮತ್ತೊಮ್ಮೆ ಒತ್ತಿದೆ, ಅದೇ. ಸಿ ಡ್ರೈವ್ ಎಷ್ಟು ತುಂಬಿದೆಯೆಂದು ತೋರಿಸುವ ಗೆರೆ ತುದಿಯವರೆಗೂ ಕೆಂಪು.

ರಿಸೈಕಲ್ ಬಿನ್ ಬರಿದು ಮಾಡಿದೆ. ಅದರಲ್ಲಿ ಇದ್ದದ್ದೇ ಕಡಿಮೆ. ಪೆನ್‌ಡ್ರೈವ್ ಚುಚ್ಚಿ ಅಲ್ಲಿಗೆ ಸೇವ್ ಕೊಟ್ಟೆ. ಅದಕ್ಕೂ ಒಪ್ಪಲಿಲ್ಲ. ಈ ಸಾಫ್ಟ್‌ವೇರಿಗೆ ಫೈಲು ಬರೆಯುವ ಮುಂಚೆ ಹರಡಿಕೊಂಡು ಕೂರಲು ಸಿ ಡ್ರೈವಿನಲ್ಲೇ ಖಾಲಿ ಅಂಗಳ ಬೇಕು. ಅಂಗಳವನ್ನು ಬೇರೆ ಡ್ರೈವಿಗೆ ಬದಲಾಯಿಸಬಹುದು, ಆದರೆ ಸಾಫ್ಟ್‌ವೇರನ್ನು ಮುಚ್ಚಿ ತೆರೆದರೆ ಮಾತ್ರ. ಮುಚ್ಚಿದರೆ ಮುಖ ಹೋಯಿತು.

ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತು, ಮೇಜಿನ ಕೆಳಗೆ ಯುಪಿಎಸ್ ಕೂಗತೊಡಗಿತು. ಅದರ ಬ್ಯಾಟರಿ ಹಳೆಯದು, ಹತ್ತು ನಿಮಿಷ ತಡೆದರೆ ಹೆಚ್ಚು.

"ಅದ್ಯಾಕಂಗೆ ಬಡ್ಕಂತೈತೆ?" ಆ ಹೆಂಗಸು ಎದ್ದು ಬಂದರು.

"ಏನಿಲ್ಲ, ಕೂತ್ಕೊಳ್ಳಿ," ಅಂದೆ. ನನ್ನ ದನಿ ನನಗೇ ನಂಬುವಂತಿರಲಿಲ್ಲ.

ಜಾಗ ತಿಂದವರು ಯಾರೆಂದು ಹುಡುಕಿದೆ. ಸಾಫ್ಟ್‌ವೇರ್ ಕೆಲಸದ ಹೊತ್ತಲ್ಲಿ ಮಾಡಿಕೊಳ್ಳುವ ತಾತ್ಕಾಲಿಕ ಫೈಲುಗಳ ಫೋಲ್ಡರ್ ತೆರೆದರೆ ಒಂದೇ ಬಗೆಯ ಹೆಸರಿನ ದೈತ್ಯ ಫೈಲುಗಳ ಸಾಲು. ಭಾಯಿಯ ಹಾಗೆ ಸರಿಯಾಗಿ ಮುಚ್ಚಿದ್ದರೆ ಸಾಫ್ಟ್‌ವೇರ್ ಹೋಗುವಾಗ ಇವನ್ನೆಲ್ಲ ತಾನೇ ಗುಡಿಸಿಕೊಂಡು ಹೋಗುತ್ತಿತ್ತು; ನಾನು ಮೇನ್ ಎಳೆದಾಗಲೆಲ್ಲ ಒಂದೊಂದು ಉಳಿದುಬಿಟ್ಟಿತ್ತು. ಪ್ರತಿಯೊಂದರ ಮುಂದೆ ತಾರೀಖು, ವೇಳೆ. ಇವತ್ತಿನದೊಂದನ್ನು ಬಿಟ್ಟು ಎಲ್ಲದರ ವೇಳೆಯೂ ಸಂಜೆ ನನ್ನ ಬಸ್ಸಿನ ಸಮಯಕ್ಕೆ ಹತ್ತು ನಿಮಿಷ ಮುಂಚೆ. ಭಾಯಿಗೆ ಒಂದೇ ಒಂದು ನಷ್ಟ ತೋರಿಸಿ ಎಂದಿದ್ದೆ. ತಿಂಗಳುಗಟ್ಟಲೆ ನಷ್ಟ ನನ್ನ ಎದುರಿಗೆ ಹಾಜರಿ ಪುಸ್ತಕದಂತೆ ಸಾಲಾಗಿ ನಿಂತಿತ್ತು.

ಭಾಯಿ ನನ್ನ ಬೆನ್ನ ಹಿಂದೆ ಬಂದು ಆ ಸಾಲನ್ನು ನೋಡಿದರು. ಅವರಿಗೆ ಅರ್ಥವಾಯಿತೆಂದು ಅವರ ಉಸಿರಿನಿಂದಲೇ ನನಗೆ ಗೊತ್ತಾಯಿತು.

"ನನ್ನಿಂದ ಆಗಿದ್ದು ಭಾಯಿ."

"ಅರೆ, ಅದು ಆಮೇಲೆ. ಇವತ್ತಿನ ತಾರೀಖು ಇರೋದ್ನ ಮುಟ್ಬೇಡ. ಅದ್ರಲ್ಲೇ ಅವ್ರ ಅಕ್ಕ ಇರೋದು. ಮಿಕ್ಕಿದ್ದು ತೆಗಿ."

ತಾರೀಖಿನ ಪ್ರಕಾರ ಜೋಡಿಸಿ, ಮೇಲಿನ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆಯ್ದೆ. ತೆರೆದಿರುವ ಫೈಲನ್ನು ಅಳಿಸಲು ಯಂತ್ರವೇ ಬಿಡುವುದಿಲ್ಲ ಎಂದು ಓದಿದ್ದೆ. ಓದಿದ್ದನ್ನು ಆ ಹೊತ್ತಿನಲ್ಲಿ ನಂಬುವುದು ಬೇರೆ ಮಾತು. ಒತ್ತಿದೆ. ಸಾಲು ಮಾಯವಾಯಿತು, ಕೆಂಪು ಗೆರೆ ಮಾತ್ರ ಕದಲಲಿಲ್ಲ. ಅವಸರದಲ್ಲಿ ಅವನ್ನು ಅಳಿಸುವ ಬದಲು ಬಿನ್ನಿಗೆ ಸಾಗಿಸಿದ್ದೆ. ಬಿನ್ ಇರುವುದೂ ಅದೇ ಡ್ರೈವಿನಲ್ಲಿ! ಯುಪಿಎಸ್ಸಿನ ಕೂಗು ಈಗ ಎಡೆಬಿಡದೆ ಕೇಳುತ್ತಿತ್ತು. ಬಿನ್ ಬರಿದು ಮಾಡಿದೆ. ಗೆರೆ ನೀಲಿಗೆ ತಿರುಗಿತು.

ಪದರಗಳ ಸಮೇತ ಉಳಿಸಿದರೆ ಎರಡು ಮೂರು ನಿಮಿಷ ಬೇಕು. ಎಲ್ಲವನ್ನೂ ಒತ್ತಿ ಒಂದೇ ಚಿತ್ರ ಮಾಡಿ ಪೆನ್‌ಡ್ರೈವಿಗೆ ಹಾಕಿದರೆ ಕೆಲವೇ ಸೆಕೆಂಡು. ಒತ್ತಿದೆ. ಪಟ್ಟಿ ಮುಕ್ಕಾಲಿಗೆ ಬಂತು, ನಿಂತಿತು, ಮುಗಿಯಿತು. ಪೆನ್‌ಡ್ರೈವ್ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಪದರಗಳದ್ದನ್ನೂ ನೋಡೋಣವೆಂದು ಇನ್ನೊಂದು ಸಲ ಸೇವ್ ಕೊಡುವಷ್ಟರಲ್ಲಿ ಪರದೆ ಆರಿತು.

ಮುಕ್ಕಾಲು ಗಂಟೆ ಕರೆಂಟು ಬರಲಿಲ್ಲ. ಪೆನ್‌ಡ್ರೈವಿನಲ್ಲಿ ಇರುವುದು ಪೂರ್ತಿ ಚಿತ್ರವೋ ಅರ್ಧವೋ ತಿಳಿಯುವ ದಾರಿಯಿರಲಿಲ್ಲ. ಆ ಹೆಂಗಸು ಒದ್ದೆ ಗಾಜನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಷ್ಟಿಯನ್ನೇ ನೋಡುತ್ತಿದ್ದರು.

ಕರೆಂಟು ಬಂದು ಚಿತ್ರ ತೆರೆದಾಗ ಮುಖ ಪೂರ್ತಿ ಬಂತು. ನಾನು ಉಸಿರು ಬಿಟ್ಟೆ. ಅವರು ಬಿಡಲಿಲ್ಲ. ಹತ್ತಿರ ಬಂದು, ಹಿಂದೆ ಸರಿದು, ಮತ್ತೆ ಹತ್ತಿರ ಬಂದು ನೋಡಿದರು.

"ಚೆಂದಾಗವ್ಳೆ. ಆದ್ರೆ ನಮ್ಮಕ್ಕ ಅಲ್ವೇನೋ ಅನ್ನಂಗವ್ಳೆ."

ಹೇಳದೆ ಬೇರೆ ದಾರಿಯಿರಲಿಲ್ಲ. ಎಡಗಣ್ಣು ಅಕ್ಕನದ್ದಲ್ಲ, ಬಲಗಣ್ಣನ್ನೇ ಮಗುಚಿ ಇಟ್ಟಿದ್ದೇನೆ, ಮೂಲದಲ್ಲಿ ಅಲ್ಲಿ ಬರೀ ಬೂಷ್ಟಿತ್ತು ಎಂದೆ. ಈಗ ಹೋಲಿಸಿ ನೋಡಲು ಮೂಲವೂ ಇಲ್ಲ, ಹಳೆಯ ಪದರವೂ ಇಲ್ಲ ಎಂದೂ ಹೇಳಿದೆ.

"ಅದೇಯ ಮತ್ತೆ! ಆ ಕಣ್ಣು ಅಷ್ಟಗ್ಲ ಎಲ್ಲಿತ್ತು? ಚಿಕ್ಕೋಳಿದ್ದಾಗ ಹುಣಿಸೆಮರದ ಬರ್ಲು ಬಡ್ದು ರೆಪ್ಪೆ ವಸಿ ಜೋತಿತ್ತು. ಇಳ್ಸು."

ಇಳಿಸಿದೆ, ಈ ಸಲ ಪ್ರತಿ ಗೀರಿಗೂ ಸೇವ್ ಒತ್ತುತ್ತ.

"ಇನ್ನೂ ವಸಿ. ಸಾಕು, ಸಾಕು ಬುಡು! ತೂಕಡ್ಸಾ ಹಂಗೆ ಮಾಡ್ಬುಟ್ಟೆ. ಮ್ಯಾಕೆ ಎತ್ತು. ಹ್ಞಾ, ಅಲ್ಲಿ." ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಮೆಲ್ಲಗೆ, "ಈಗ ನೋಡು, ಬೈಯ್ಯಕೆ ಬಂದೋಳಂಗವ್ಳೆ. ಅವ್ಳೇ."

ಪ್ರಿಂಟು ಒಣಗುವಾಗ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಮಗಳಿಗೆ ಹೇಳಿ, ಆ ಕಣ್ಣು ನಾವು ಬಿಡಿಸಿದ್ದು ಅಂತ. ಇಲ್ಲದಿದ್ದರೆ ಸುಳ್ಳಾಗುತ್ತೆ."

"ಯಾವ್ದು ಸುಳ್ಳು? ರೆಪ್ಪೆ ಜೋತಿದ್ದು ಸುಳ್ಳಾ? ನಾನು ಕಣ್ಣಾರ ಕಂಡಿವ್ನಿ."

"ನೀವು ಕಂಡಿದ್ದೀರಿ. ಅವಳು ಕಂಡಿಲ್ಲವಲ್ಲ. ಅವಳಿಗೆ ಗೊತ್ತಾಗಬೇಕು."

"ಹೇಳ್ತೀನಿ ಕಣಮ್ಮ. ನಾಳೀಕೆ ಬ್ಯಾಡ. ನಾಳೀಕೆ ಅವ್ಳು ಅವರವ್ವನ್ನ ನೋಡ್ಲಿ."

"ನಿಜವಾಗಲೂ ಹೇಳ್ತೀರಾ?"

"ನೋಡಪ್ಪ ಸಾಬಣ್ಣ, ಕೋರ್ಟ್ನಾಗೆ ಕೇಳಂಗೆ ಕೇಳ್ತಾಳೆ ಇವ್ಳು," ಎಂದು ಭಾಯಿಯ ಕಡೆ ತಿರುಗಿದರು. ಭಾಯಿ ನಕ್ಕರು. ಪ್ರಿಂಟನ್ನು ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿಕೊಟ್ಟರು.

ಹೇಳಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂದು ಅವರ ಮಾತಿಗೆ ಮೂರು ಖಂಡನೆ ನನ್ನ ನಾಲಗೆಯ ತುದಿಯಲ್ಲೇ ಇದ್ದವು. ಆದರೆ ಮದಲೂರಿನ ಬಸ್ಸು ಹೊರಡುವ ಹೊತ್ತಾಗಿತ್ತು, ಅವರು ರಟ್ಟನ್ನು ಎದೆಗೆ ಒತ್ತಿಕೊಂಡು ಆಗಲೇ ರಸ್ತೆ ದಾಟುತ್ತಿದ್ದರು.